ಹಗ್ಗ ಸುತ್ತಿದ ಕೈ

"ಬಾಯಲ್ಲಿ ಎಂತ ಕಲ್ಲು ಹಾಕಿಕೊಂಡಿದ್ದೀಯಾ, ಬೇವರ್ಸಿ? ನಿನ್ನ ಜಾತಿಯವನೇ ಅಲ್ವಾ ಅವ? ಕೇಳು ಅವನತ್ರ!"

ಬೈಯುತ್ತಿದ್ದವರು ಸೈಟ್ ಮ್ಯಾನೇಜರ್ ನೆವಿಲ್ ಸಾರ್. ಬೈಸಿಕೊಳ್ಳುತ್ತಿದ್ದವನು ಚೀನಾದ ಶ್ಯೋಂಗ್. ಸಿಟ್ಟು ನೆತ್ತಿಗೇರಿದಾಗ ಸಾರ್‌ಗೆ ಇಂಗ್ಲಿಷ್ ಸಾಲುವುದಿಲ್ಲ, ಹಿಂದಿಯೂ ಸಾಲುವುದಿಲ್ಲ, ಮಂಗಳೂರು ಕನ್ನಡವೇ ಬೇಕು. ಶ್ಯೋಂಗ್ ತಲೆ ತಗ್ಗಿಸಿ ನಿಂತಿದ್ದ. ಬೈಗುಳಕ್ಕೆ ದುಭಾಷಿ ಬೇಕಾಗುವುದಿಲ್ಲ.

ಗಾಲಿಕುರ್ಚಿಯಲ್ಲಿ ಮುದುಕ ಪಾನ್, ಅವನೂ ಚೀನಾದವನೇ. ಎರಡು ತಿಂಗಳ ಹಿಂದೆ, ಅರಬ್ ನಾಡಿನ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಈ ಕಟ್ಟಡದ ಮೂರನೇ ಮಹಡಿಯಿಂದ ಬಿದ್ದ. ಸೊಂಟ ಹೋಯಿತು. ತಲೆಗೆ ಪೆಟ್ಟು ಬಿದ್ದು, ದುಡಿಮೆಗೆಂದು ಕಲಿತಿದ್ದ ಚೀನಿ ಭಾಷೆಯೂ ಹೋಯಿತು. ಉಳಿದದ್ದು ಅವ್ವ ಕಲಿಸಿದ, ಗುಡ್ಡಗಾಡಿನ ಮ್ಯಾವ್ ಭಾಷೆ ಒಂದೇ. ಶಬ್ದವನ್ನು ಏರಿಸಿ, ಇಳಿಸಿ, ನಡುವೆ ತಡೆದು, ಹಾಡಿದಂತೆ ಆಡುತ್ತಾನೆ. ಆಸ್ಪತ್ರೆಯಲ್ಲಿ ಚೀನಾದ ನರ್ಸೊಬ್ಬಳು ಕಿವಿಗೊಟ್ಟು ಕೇಳಿ, ಇದು ನಮ್ಮದಲ್ಲ ಎಂದು ಎದ್ದು ಹೋದಳಂತೆ.

ಮೇಜಿನ ಮೇಲೆ ಇಂಗ್ಲಿಷ್ ಮತ್ತು ಅರಬ್ಬಿಯಲ್ಲಿ ಟೈಪಾದ ಒಂದು ಹಾಳೆ. ಸೇಫ್ಟಿ ಹಗ್ಗವನ್ನು ಪಾನ್ ತಾನೇ ಬಿಚ್ಚಿದ, ತಪ್ಪು ತನ್ನದೇ ಎಂದು ಒಪ್ಪಿದ್ದಾನೆ, ಎಂದಿತ್ತು. ಹೆಬ್ಬೆಟ್ಟು ಬಿದ್ದರೆ ನಾಳೆ ಅವನಿಗೆ ವಿಮಾನ, ಪರಿಹಾರ ಖಲಾಸ್. ಕೆಳಗೆ ದುಭಾಷಿಯಾಗಿ ಶ್ಯೋಂಗ್ ಸಹಿ ಹಾಕಬೇಕು, ಸಾಕ್ಷಿಯಾಗಿ ಸರಳು ಕಟ್ಟುವ ಸಂಗಪ್ಪ ರಾಠೋಡ, ಅಂದರೆ ನಾನು.

ಏಜೆಂಟ್ ಕಳಿಸಿದ ಪಟ್ಟಿಯಲ್ಲಿ ಇಬ್ಬರು ಚೀನೀಯರ ಮುಂದೆಯೂ 'ಮ್ಯಾವ್' ಎಂದು ಬರೆದಿತ್ತು. ಅಷ್ಟಕ್ಕೇ ಶ್ಯೋಂಗ್‌ನನ್ನು ಕ್ರೇನಿನಿಂದ ಇಳಿಸಿ ತಂದಿದ್ದರು.

ಶ್ಯೋಂಗ್ ಕುಕ್ಕರಗಾಲಲ್ಲಿ ಕೂತು ತನ್ನ ಮಾತಿನಲ್ಲಿ ಏನೋ ಕೇಳಿದ. ಮುದುಕನ ಮುಖ ಅರಳಿತು. ಆಮೇಲೆ ಹುಬ್ಬು ಗಂಟಿಕ್ಕಿತು. ಅವನು ಉದ್ದಕ್ಕೆ ಉತ್ತರ ಕೊಟ್ಟ. ಈಗ ಹುಬ್ಬು ಗಂಟಿಕ್ಕುವ ಸರದಿ ಶ್ಯೋಂಗ್‌ನದು. ಮೂರು ಸಲ ಹೀಗಾದ ಮೇಲೆ ಅವನು ನನ್ನ ಕಡೆ ತಿರುಗಿ ಕ್ಯಾಂಪಿನ ಹಿಂದಿಯಲ್ಲಿ ಹೇಳಿದ:

"ಭಾಯ್, ಪಹಾಡ್ ಅಲಗ್, ಬಾತ್ ಅಲಗ್. ಕಾಗಜ್ ಮೇ ನಾಮ್ ಏಕ್."

ನಾನು ಸಾರ್‌ಗೆ ಹೇಳಿದೆ: "ಇಬ್ರದೂ ಗುಡ್ಡ ಬ್ಯಾರೆ, ಮಾತೂ ಬ್ಯಾರೆ ಅಂತರ್ರೀ. ಹೆಸರಷ್ಟ ಒಂದು. ಇವಂದು ಅವಂಗ ತಿಳಿಯಂಗಿಲ್ಲಂತ."

"ನೀನು ಯಾವಾಗ ಪ್ರೊಫೆಸರ್ ಆದದ್ದು ಮಾರಾಯ? ಲಂಬಾಣಿ ಭಾಷೆಗೆ ಒಂದು ಲಿಪಿ ಇಲ್ಲ, ಇವ ಚೀನಾದ ಭಾಷೆ ಪಾಠ ಮಾಡುದು!"

"ಲಿಪಿ ಇಲ್ಲಂತನ ಕನ್ನಡದಾಗ ಬಿ.ಎ. ಮಾಡೇನ್ರೀ. ಸರಳು ಕಟ್ಟಾಕ ಬೇಕಾಗ್ತದಲ್ರೀ." ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. "ಸಾರ್, ನಂದೂ ನಿಮ್ದೂ ಪಾಸ್‌ಪೋರ್ಟ್ ಒಂದ ಬಣ್ಣದ್ದೈತಿ. ನಾ ಲಂಬಾಣ್ಯಾಗ ಬೈದ್ರ ನಿಮಗ ತಿಳಿತೈತೇನ್ರೀ?"

"ಬಾಯಿ ಮುಚ್ಚು, ಬೋಳಿಮಗನೇ! ಯಲ್ಲಾ, ಸಾಕು."

ಸಾರ್ ಮುದುಕನ ಮಣಿಕಟ್ಟು ಹಿಡಿದು ಹೆಬ್ಬೆರಳನ್ನು ಶಾಯಿಪ್ಯಾಡಿಗೆ ಒತ್ತಿದರು. ಹಾಳೆಯ ಕಡೆ ಎಳೆಯುವಾಗ ಪಾನ್ ಕೈ ಕೊಸರಿಕೊಂಡ. ಕೊರಳಲ್ಲಿದ್ದ ಐಡಿ ಕಾರ್ಡಿನ ಪಟ್ಟಿ ತೆಗೆದ. ಎಡಗೈ ಮಡಚಿ, ಮೊಳಕೈಯಿಂದ ಹೆಬ್ಬೆರಳ ಸಂದಿಗೆ, ಅಲ್ಲಿಂದ ಮತ್ತೆ ಮೊಳಕೈಗೆ ಅದನ್ನು ಸುತ್ತತೊಡಗಿದ.



ಸೈಟಿನಲ್ಲಿ ಎಲ್ಲರೂ ಹಗ್ಗವನ್ನು ನೆಲದ ಮೇಲೆ ಸಿಂಬಿ ಹಾಕುತ್ತಾರೆ. ಮೊಳಕೈಗೆ ಸುತ್ತುವವನು ನಾನೊಬ್ಬನೇ. ತಾಂಡಾದಲ್ಲಿ ಅವ್ವ ಬಾವಿಹಗ್ಗ ಸುತ್ತುತ್ತಿದ್ದದ್ದು ಹಾಗೆ. ಪಾನ್ ಬಿದ್ದ ದಿನ ಪಕ್ಕದ ಬ್ಲಾಕಿಗೆ ತಪಾಸಣೆಯವರು ಬರುತ್ತಾರೆಂದು, ಅಲ್ಲಿ ಹಗ್ಗ ಕಡಿಮೆ ಬಿದ್ದಿದೆಯೆಂದು ನೆವಿಲ್ ಸಾರ್ ಹೇಳಿದ್ದರು: "ಇದನ್ನು ತಕೊಂಡು ಹೋಗು, ಅರ್ಧ ಗಂಟೆ, ಯಾರೂ ಸಾಯುದಿಲ್ಲ." ಮುದುಕನ ಸೇಫ್ಟಿ ಹಗ್ಗ ನಾನು ಬಿಚ್ಚಿದೆ, ಸುತ್ತಿದೆ, ಹೊರಟೆ. ತೊಲೆಯ ಮೇಲಿದ್ದ ಮುದುಕ ಏನೋ ಕೂಗಿದ. ತಿಳಿಯಲಿಲ್ಲ. ಸರಿ ಸರಿ ಎಂದು ಕೈ ಎತ್ತಿ ಇಳಿದುಬಿಟ್ಟೆ.

ಪಾನ್ ಸುತ್ತಿದ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡ. ಎರಡು ಬೆರಳುಗಳನ್ನು ಮೇಜಿನ ಮೇಲೆ ನಡೆಸಿದ. ಕೈ ಎತ್ತಿ ಸರಿ ಸರಿ ಎಂದು ಆಡಿಸಿದ. ನನ್ನ ಕಡೆ ಬೆರಳು ತೋರಿಸಲಿಲ್ಲ. ಸುಮ್ಮನೆ ನೋಡಿದ.

"ಎಂತ ನಾಟಕ ಇವಂದು? ಎಂತ ಹೇಳುದು ಇವ?"

ಶ್ಯೋಂಗ್ ನನ್ನನ್ನೇ ನೋಡುತ್ತಿದ್ದ. ದುಭಾಷಿಯ ಕೆಲಸ ಅವನ ಕೈಯಿಂದ ಜಾರಿತ್ತು.

"ನಾ ಹೇಳ್ತೀನ್ರೀ," ಎಂದೆ. "ಹಗ್ಗ ಒಯ್ದಾವ ಇಲ್ಲೇ ನಿಂತಾನ ಅಂತಾನ. ಅಂವ ನಾನು. ಒಯ್ಯಿ ಅಂದಾವ್ರು ನೀವು. ಅದನ್ನ ಅಂವ ಕೇಳಿಲ್ಲ, ನಾ ಕೇಳೇನಿ."

ಸಾರ್ ತಣ್ಣಗೆ ಇಂಗ್ಲಿಷಿಗೆ ಹೊರಳಿದರು. "ನಾಳಿನ ಫ್ಲೈಟಲ್ಲಿ ಇನ್ನೊಂದು ಸೀಟಿದೆ" ಎಂಬುದು ಅದರ ಸಾರಾಂಶ.

ನಾನು ಹಾಳೆ ಮಗುಚಿ ಅದರ ಬೆನ್ನ ಮೇಲೆ ಬರೆದೆ. ಕನ್ನಡದಲ್ಲಿ. ಯಾರು ಹೇಳಿದರು, ಯಾರು ಬಿಚ್ಚಿದರು, ಯಾವ ಬ್ಲಾಕಿಗೆ ಹೋಯಿತು. ಬಿ.ಎ. ಮೊದಲ ಸಲ ಕೆಲಸಕ್ಕೆ ಬಂತು. ಬರೆದು ಮುಗಿಸುವಷ್ಟರಲ್ಲಿ ಪಾನ್ ಶಾಯಿ ಹತ್ತಿದ ಹೆಬ್ಬೆರಳನ್ನು ನನ್ನ ಅಕ್ಷರಗಳ ಕಡೆ ಚಾಚಿದ್ದ. ಅವುಗಳೂ ಅವನಿಗೆ ಓದಲು ಬಾರದವೇ. ಹಾಳೆ ಪಕ್ಕಕ್ಕೆ ಸರಿಸಿದೆ. ಸಹಿ ಹಾಕಲು ಬರುವ ನಾನು ಅದೇ ಪ್ಯಾಡಿಗೆ ನನ್ನ ಹೆಬ್ಬೆಟ್ಟು ಒತ್ತಿ, ಹಾಳೆಗೂ ಒತ್ತಿದೆ. ಶ್ಯೋಂಗ್ ಅದನ್ನು ಮಡಚಿ ತನ್ನ ಹೆಲ್ಮೆಟ್ಟಿನೊಳಗೆ ಸಿಕ್ಕಿಸಿ, ತಲೆಗೆ ಹಾಕಿಕೊಂಡು ಹೊರಬಿದ್ದ.

ನೆವಿಲ್ ಸಾರ್ ಅವನನ್ನು ತಡೆಯಲಿಲ್ಲ. ಫೋನಿನಲ್ಲಿ ಯಾರಿಗೋ ಪಾಸ್‌ಪೋರ್ಟ್ ನಂಬರೊಂದನ್ನು ಓದಿ ಹೇಳುತ್ತಿದ್ದರು. ಅದು ಪಾನ್‌ನದಲ್ಲ. ಪಾನ್ ಮತ್ತೆ ಮೊಳಕೈಗೆ ಪಟ್ಟಿ ಸುತ್ತತೊಡಗಿದ್ದ.