ಮೂರು ಸಲ ಸಿಗದವಳು

ನೋಂದಣಿ ಕಿಟಕಿಯ ಗುಮಾಸ್ತ ಕಡತದ ಹಾಳೆಯನ್ನು ಬೆರಳಿನಿಂದ ಒತ್ತಿ ಹಿಡಿದು ಕನ್ನಡಕದ ಮೇಲಿಂದ ಅವಳನ್ನು ನೋಡಿದ.

"ನೀವು ನಿಮ್ಮ ಮನೇಲಿ ಇಲ್ಲ," ಎಂದ.

"ಈಗ ಇಲ್ಲ ಸಾರ್. ಇಲ್ಲಿ ನಿಂತಿದೀನಲ್ಲ."

"ಯಾವಾಗ್ಲೂ ಇಲ್ಲ. ವಿಳಾಸ ನೋಡೋಕೆ ಮೂರು ಸಲ ಬಂದಿದಾರೆ. ನಾಲ್ಕನೇ ತಾರೀಕು ಯಾರೂ ಬಾಗಿಲು ತೆಗೀಲಿಲ್ಲ. ಒಂಬತ್ತಕ್ಕೆ ಒಳಗೆ ರೇಡಿಯೊ ಹಾಡ್ತಿತ್ತು, ಬಾಗಿಲು ತಟ್ಟಿದ ಕೂಡ್ಲೆ ಬಾಯಿ ಮುಚ್ಚಿಕೊಳ್ತು. ಹದಿನೇಳಕ್ಕೆ ಒಳಗಿಂದ ಒಬ್ಬ ಮುದುಕಿ ಹೇಳಿಕೆ ಕೊಟ್ಟಿದಾರೆ. ಓದ್ಲಾ? ಅವಳು ಮನೆ ಬಿಟ್ಟು ಎರಡು ತಿಂಗಳಾಯ್ತು ಕಣಪ್ಪಾ, ಎಲ್ಲಿ ಹಾಳಾಗಿ ಹೋದಳೋ, ಅಂತ. ಯಾರು ಆ ಅಜ್ಜಿ?"

ಅವಳು ಕಿಟಕಿಯ ಸರಳನ್ನು ಹಿಡಿದುಕೊಂಡಳು. ಗುಮಾಸ್ತನ ತಲೆಯ ಮೇಲಿನ ಗಡಿಯಾರದಲ್ಲಿ ಎರಡೂ ಹತ್ತು.

"ಅಜ್ಜಿ ನಾನೇ ಸಾರ್."

ಗುಮಾಸ್ತ ಕನ್ನಡಕ ತೆಗೆದ. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಕಾವಲುಗಾರನನ್ನು ಕರೆಯುತ್ತಿದ್ದನೋ ಏನೋ. ಆದರೆ ಕೋರ್ಟಿನ ಸುತ್ತಮುತ್ತ ಅವಳಿಗೆ ಗಿಳಿ ಎಂದು ಹೆಸರು ಬಿದ್ದದ್ದು ಮೂಗು ನೋಡಿ ಅಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ: ವಕೀಲರ ಆಫೀಸಿನಿಂದ ಸಮನ್ಸು, ನೋಟಿಸು ತೆಗೆದುಕೊಂಡು ಹೋಗಿ ಸಂಬಂಧಪಟ್ಟವರ ಕೈಗೆ ಮುಟ್ಟಿಸುವುದು. ಅವಳು ಜಾರಿ ಮಾಡುವವಳು, ಜನ ಜಾರಿಕೊಳ್ಳುವವರು. ಕೋರ್ಟಿನ ಕಾಗದ ಅಂದರೆ ಯಾರು ಬಾಗಿಲು ತೆಗೆಯುತ್ತಾರೆ? ಹಾಗಾಗಿ ಅವಳ ಗಂಟಲಲ್ಲಿ ಒಂದು ವಠಾರವೇ ಬಾಡಿಗೆಗಿತ್ತು. ಪಕ್ಕದ ಮನೆಯ ಆಂಟಿ, ಪಾರ್ಸೆಲ್ ತಂದವನು, ಶಾಲೆಯಿಂದ ಬೇಗ ಬಂದ ಮಗು, ಮನೆ ಮಾಲೀಕನ ಗೊರಕೆಯಂಥ ಗಂಟಲು. ಬಾಗಿಲು ಒಂದು ಗೇಣು ತೆರೆದರೆ ಸಾಕು, ಕಾಗದ ಒಳಗಿರುತ್ತಿತ್ತು.

ಈ ತಿಂಗಳಿಂದ ಹೊಸ ನಿಯಮ. ಕಾನೂನು ಸಹಾಯಕರು, ಎಂದರೆ ಸಮನ್ಸು ಹಂಚುವವರು, ಅರ್ಜಿ ಟೈಪು ಮಾಡುವವರು, ಕೋರ್ಟಿನ ದಾಖಲೆಗೆ ನಕಲು ತೆಗೆಯುವವರು, ಎಲ್ಲರೂ ಪಟ್ಟಣದ ಕಚೇರಿಯಲ್ಲಿ ಮತ್ತೆ ನೋಂದಾಯಿಸಿಕೊಂಡು ಹೊಸ ಗುರುತಿನ ಚೀಟಿ ಪಡೆಯಬೇಕು. ಕೊನೆಯ ದಿನ ಇವತ್ತು, ಸಂಜೆ ಐದು. ತಪ್ಪಿದರೆ ಅವಳ ನೂರಾ ಆರನೇ ನಂಬರು ರದ್ದು. ಹೊಸದಾಗಿ ಅರ್ಜಿ ಹಾಕಿ ಒಂದು ವರ್ಷ ಸುಮ್ಮನೆ ಕೂರಬೇಕು. ಅವಳಿಗೆ ಒಂದು ತಾಸು ಸುಮ್ಮನೆ ಕೂತು ಗೊತ್ತಿರಲಿಲ್ಲ. ಬೇರೆ ಕೆಲಸವಂತೂ ಮೊದಲೇ ಗೊತ್ತಿರಲಿಲ್ಲ.

ಅರ್ಜಿ ಅವಳು ಎರಡನೇ ತಾರೀಕಿಗೇ ಹಾಕಿದ್ದಳು. ವಿಳಾಸ ಪರಿಶೀಲನೆಗೆ ಮನೆಗೆ ಬರುತ್ತಾರೆ ಎಂದು ರಸೀದಿಯ ಹಿಂದೆ ಅಚ್ಚಾಗಿತ್ತು. ಜನ್ಮದಲ್ಲಿ ಯಾರು ರಸೀದಿಯ ಬೆನ್ನು ನೋಡಿದ್ದಾರೆ? ಅದೂ ಅಲ್ಲದೆ, ಈ ಕಸುಬಿನವರು ಯಾರೂ ತಮ್ಮ ಮನೆಯ ಬಾಗಿಲು ತಟ್ಟಿದರೆ ತೆಗೆಯುವುದಿಲ್ಲ. ತಟ್ಟುವವರು ಏನೇನು ಮಾಡುತ್ತಾರೆ ಎಂಬುದು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಸ್ವಂತ ಅಣ್ಣ ಕೂಡ ಫೋನು ಮಾಡಿಯೇ ಬರುತ್ತಿದ್ದ. ಹದಿನೇಳನೇ ತಾರೀಕು ಹೊರಗಿನಿಂದ "ಕಚೇರಿಯಿಂದ ಬಂದಿದೀವಿ" ಎಂಬ ಧ್ವನಿ ಕೇಳಿದಾಗ ಅವಳಿಗೆ ನಗು ಬಂದಿತ್ತು. ಆ ಸಾಲನ್ನು ಅವಳೇ ಸಾವಿರ ಸಲ ಹೇಳಿದ್ದಳು, ಇದಕ್ಕಿಂತ ಚೆನ್ನಾಗಿ.

"ಐದರೊಳಗೆ ಪರಿಶೀಲಕರು ಮತ್ತೆ ನಿಮ್ಮ ಮನೆಗೆ ಬಂದು, ನೀವು ಸಿಕ್ಕಿ, ಅವರು ಫೋನಲ್ಲಿ ವರದಿ ಕಳಿಸಿದ್ರೆ ಆಯ್ತು," ಎಂದ ಗುಮಾಸ್ತ. "ಇಲ್ದಿದ್ರೆ ನನ್ನ ಕೈಲಿ ಏನೂ ಇಲ್ಲ."

"ಅವರ ನಂಬರ್ ಕೊಡಿ."

"ಕೊಡೋ ಹಾಗಿಲ್ಲ. ನಿಮ್ಮವರೇ ಕಣ್ರೀ. ಮೊದಲು ಸಮನ್ಸ್ ಹಂಚ್ತಿದ್ರಂತೆ. ಬೂಟು ಅಂತಾರಲ್ಲ."

ಬೂಟು ಗೊತ್ತಿದ್ದವನೇ. ಆದರೆ ಅವನೂ ಕಸುಬಿನವನು, ಸುಲಭಕ್ಕೆ ಸಿಗುವವನಲ್ಲ.

ಮೆಟ್ಟಿಲಿಳಿಯುತ್ತಲೇ ಅತ್ತಿಗೆಗೆ ಫೋನು ಮಾಡಿ ಆದದ್ದನ್ನೆಲ್ಲ ಹೇಳಿದಳು. ಪಕ್ಕದ ಓಣಿಯಲ್ಲೇ ಇರುವ ಅಣ್ಣನ ಹೆಂಡತಿ ಕೋರ್ಟಿನ ಜಗಲಿಯಲ್ಲಿ ಅರ್ಜಿ ಟೈಪು ಮಾಡುತ್ತಾಳೆ. ಹೊಸ ಚೀಟಿ ಆಗಲೇ ಅವಳ ಕೊರಳಲ್ಲಿ ತೂಗುತ್ತಿತ್ತು.

"ನಿನ್ನ ಹೆಸರಲ್ಲಿ ಬೇಡ ಬಿಡು, ಆ ಅಜ್ಜಿ ಹೆಸರಲ್ಲೇ ಒಂದು ಕಾರ್ಡ್ ಮಾಡ್ಸೋಣ," ಎಂದಳು ಅತ್ತಿಗೆ. ಹಿಂದೆ ಕೀಲಿಗಳ ಟಕಟಕ ನಿಲ್ಲಲೇ ಇಲ್ಲ. "ಅವಳಿಗೆ ವಯಸ್ಸಾದವರ ರಿಯಾಯಿತಿನೂ ಸಿಗುತ್ತೆ."

"ಅತ್ತಿಗೆ, ನನ್ನ ಜೀವ ಹೋಗ್ತಿದೆ. ಬೂಟನ್ನ ನೋಡಿದ್ರಾ?"

"ಈಗ ತಾನೇ ಜೆರಾಕ್ಸ್ ಸಾಲಿನ ಕಡೆ ಹೋದ. ಶಬ್ದ ಕೇಳಿಸ್ತು. ಓಡು. ಏಯ್, ರಸ್ತೆ ನೋಡ್ಕೊಂಡು ಓಡು."

ಮೂರನೇ ಜೆರಾಕ್ಸ್ ಅಂಗಡಿಯಲ್ಲಿ ಅವನಿದ್ದ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಪೆನ್ನು, ನಕಲು ತೆಗೆಸಿದ ಫಾರಮ್ಮುಗಳ ಮೇಲೆ ನಂಬರು ಬರೆಯುತ್ತಿದ್ದ. ಅವಳು ಅಂಗಡಿಯ ಮೆಟ್ಟಿಲಿಗೆ ಕಾಲಿಟ್ಟಳು. ಅವನು ತಲೆಯೆತ್ತಿದ. ಅವಳ ಮುಖ ನೋಡಲಿಲ್ಲ. ನೇರವಾಗಿ ಅವಳ ಬಲಗೈ ನೋಡಿ, ಅದು ಚೀಲದೊಳಗಿರುವುದನ್ನು ಕಂಡು, ಪೆನ್ನನ್ನೂ ಬಿಟ್ಟು ಹಿಂಬಾಗಿಲಿನಿಂದ ಮಾಯವಾದ.

"ಅಣ್ಣಾ, ನಿಂತ್ಕೊಳಿ. ನನ್ನ ಹತ್ರ ಏನೂ ಇಲ್ಲ," ಎಂದು ಕೂಗಿದಳು. ಹಿಂದಿನ ಗಲ್ಲಿಯಲ್ಲಿ ಬೂಟುಗಳ ಸದ್ದು ಇನ್ನೂ ಜೋರಾಯಿತು. ಏನೂ ಇಲ್ಲ ಎಂದು ಕೂಗಿಕೊಂಡು ಬರುವವರ ಹತ್ತಿರ ಏನಿರುತ್ತದೆ ಎಂಬುದು ಅವನಿಗೆ ಗೊತ್ತಿಲ್ಲವೇ.

ಗಲ್ಲಿಯ ಕೊನೆಗೆ ಬಂದರೆ ಅವನಿಲ್ಲ. ಬಸ್ ನಿಲ್ದಾಣದಲ್ಲಿಲ್ಲ, ಟೀ ಅಂಗಡಿಯಲ್ಲಿಲ್ಲ. ಟೀ ಅಂಗಡಿಯವನು ಗ್ಲಾಸಿನಿಂದಲೇ ದಿಕ್ಕು ತೋರಿಸಿದ, ಅಲ್ಲಿಗೆ ಹೋದರೆ ಅದು ಗಂಡಸರ ಮೂತ್ರಾಲಯ. ಹತ್ತು ನಿಮಿಷ ಅದರ ಎದುರು ನಿಂತಳು. ಹೊರಗೆ ಬಂದವರು ನಾಲ್ಕು ಜನ, ನಾಲ್ವರೂ ಅವಳನ್ನು ನೋಡಿ ಮುಖ ಸೊಟ್ಟ ಮಾಡಿದರು, ಒಬ್ಬರ ಕಾಲಲ್ಲೂ ಬೂಟಿಲ್ಲ. ಸ್ಕೂಟರ್ ತೆಗೆದಳು, ಸಿಗ್ನಲ್ಲಿನಲ್ಲಿ ಕಾಲು ನೆಲಕ್ಕೆ ಊರದೆ ತೂಗಾಡಿದಳು, ಹಿಂದಿನವನು ಹಾರ್ನ್ ಹೊಡೆಯುವ ಮೊದಲೇ "ಹೋಗ್ತೀನಿ ಮಾರಾಯ" ಎಂದಳು. ಅವನ ಮನೆ ಮುಟ್ಟುವಾಗ ನಾಲ್ಕು ಹೊಡೆಯಲು ಐದು ನಿಮಿಷ.

ಒಳಗೆ ಟೀವಿ ಮಾತಾಡುತ್ತಿತ್ತು. ಬಾಗಿಲು ತಟ್ಟಿದ ಕೂಡಲೇ ನಿಂತಿತು.

"ಯಾರು?" ಎಂದಿತು ಒಂದು ಕೀರಲು ಹೆಣ್ಣುಧ್ವನಿ. "ಅವರು ಊರಲ್ಲಿಲ್ಲ. ನಾನು ಅವರ ಹೆಂಡತಿ."

ಬೂಟು ಮದುವೆಯೇ ಆಗಿರಲಿಲ್ಲ.

"ಅತ್ತಿಗೇರೇ," ಎಂದಳು ಗಿಳಿ, "ನಿಮ್ಮ ಮದುವೆಗೆ ನಮ್ಮನ್ನೆಲ್ಲ ಕರೀಲೇ ಇಲ್ಲ."

ಈಗ ಒಳಗಿಂದ ಬಂದದ್ದು ಅವನದೇ ಗಂಟಲು. "ಯಾವ ಕೇಸು? ಬಾಡಿಗೇದಾ?"

"ಕೇಸೇ ಇಲ್ಲ ಅಣ್ಣ. ನಾನು ನಿಮಗೆ ಏನೂ ಕೊಡೋಕೆ ಬಂದಿಲ್ಲ. ನೀವೇ ನನಗೆ ಕೊಡ್ಬೇಕು. ವಿಳಾಸದ ಕಾಗದ."

"ಈ ಮಾತು ಹೇಳಿ ನಾನೊಬ್ಬ ಡಾಕ್ಟರನ್ನ ಹಿಡಿದಿದ್ದೆ."

"ಮೂರು ಸಲ ನಮ್ಮ ಮನೆಗೆ ಬಂದಿದ್ರಲ್ಲ, ನಾನೇ ಒಳಗಿದ್ದೆ. ನಂಬರ್ ರದ್ದಾಗುತ್ತೆ ಅಣ್ಣ. ಇನ್ನೊಂದು ತಾಸಿದೆ."

"ಚೀಲ ಸುರಿ."

ಅವಳು ಚೀಲವನ್ನು ಮೆಟ್ಟಿಲ ಮೇಲೆ ಬೋರಲು ಹಾಕಿದಳು. ಬಾಚಣಿಗೆ, ನೀರಿನ ಬಾಟಲಿ, ತಲೆನೋವಿನ ಮಾತ್ರೆ, ಅರ್ಧ ತಿಂದ ಬನ್ನು, ಸ್ಟ್ಯಾಂಪ್ ಪ್ಯಾಡು, ಮಡಚಿದ ಕೊಡೆ. ಕಿಟಕಿಯ ಪರದೆ ಎರಡು ಬೆರಳು ಸರಿಯಿತು.

"ಕೊಡೆ ಬಿಚ್ಚು. ನೀನು ಕೊಡೆಯೊಳಗೆ ಇಟ್ಕೊಂಡು ಹೋಗೋಳು."

ಬಿಸಿಲಲ್ಲಿ ಕೊಡೆ ಬಿಚ್ಚಿ ಬೋರಲು ಮಾಡಿ ಕೊಡವಿದಳು. ಒಂದು ಬಸ್ ಟಿಕೆಟ್ ಉದುರಿತು.

"ಎರಡೂ ಕೈ ಮೇಲೆ."

ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಅವಳು ಕೈಯೆತ್ತಿಕೊಂಡೇ ನಿಂತಳು. ಚಿಲಕ ಸರಿಯಲು ಇಪ್ಪತ್ತೆರಡು ವರ್ಷ ಹಿಡಿದಂತಾಯಿತು.

ಬೂಟು ಅವಳ ಮುಖವನ್ನು ಈಗ ನೋಡಿದ. "ಆ ಅಜ್ಜಿ ನೀನಾ? ಥೂ ನಿನ್ನ. ನಾನು ದಾರಿಯುದ್ದಕ್ಕೂ ಪಾಪ ಅಂದ್ಕೊಂಡು ಹೋದೆ. ಕೆಮ್ಮು ಬೇರೆ ಇತ್ತು."

"ಕೆಮ್ಮು ಚೆನ್ನಾಗಿತ್ತಾ?"

"ಅದಕ್ಕೇ ನಂಬಿದ್ದು."

"ಇಲ್ಲೇ ಸಹಿ ಹಾಕ್ತೀನಿ, ಕೊಡಿ."

"ಇಲ್ಲಿ ಆಗಲ್ಲ. ನಿನ್ನ ಮನೇಲಿ ಸಿಗ್ಬೇಕು."

ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಳು. ಶಾಲೆ ಬಿಡುವ ಹೊತ್ತು; ಕೂಡುರಸ್ತೆಯಲ್ಲಿ ಸ್ಕೂಟರು ಇಂಚಿಂಚೇ ಸರಿಯಿತು. ಅವನು ಪ್ರತಿ ತಿರುವಿನಲ್ಲೂ ಗಂಟೆ ಹೇಳುತ್ತಿದ್ದ, ಅವಳು "ಗೊತ್ತು" ಎನ್ನುತ್ತಿದ್ದಳು. ಮನೆ ಮುಂದೆ ಇಳಿದಾಗ ನಾಲ್ಕೂ ನಲವತ್ತೇಳು. ಬೀಗ ತೆಗೆದು ಹೊಸ್ತಿಲಲ್ಲೇ ನಿಂತು ಕೈ ಚಾಚಿದಳು.

"ಒಳಗೆ ಹೋಗಿ ಬಾಗಿಲು ಹಾಕ್ಕೋ," ಎಂದ ಬೂಟು.

"ಅಣ್ಣ, ಹದಿಮೂರು ನಿಮಿಷ ಇದೆ."

"ಫಾರಮ್ಮಲ್ಲಿ ಕೇಳಿದಾರೆ: ಬಾಗಿಲು ತಟ್ಟಿದಾಗ ಅರ್ಜಿದಾರರೇ ತೆಗೆದರೇ ಅಂತ. ನಾನು ಬಾಗಿಲ ಹತ್ರ ಎಷ್ಟು ಬೇಕಾದ್ರೂ ಸುಳ್ಳು ಹೇಳಿದೀನಿ ತಂಗಿ. ಕಾಗದದ ಮೇಲೆ ಒಂದೂ ಬರೆದಿಲ್ಲ. ಹೋಗು."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ತಟ್ಟಿದ.

ಆಮೇಲೆ ಆದದ್ದನ್ನು ಅವಳು ಬೇಕೆಂದು ಮಾಡಲಿಲ್ಲ. ಬಾಗಿಲ ಸಂದಿಯ ಬೆಳಕಿನಿಂದ ಕಾಲುಗಳು ತಾವಾಗಿ ಪಕ್ಕಕ್ಕೆ ಸರಿದವು. ಗಂಟಲು ತಾನಾಗಿ ಎರಡು ಸಲ ಕೆಮ್ಮಿ, "ಯಾರಪ್ಪಾ ಅದು, ಮನೇಲಿ ಯಾರೂ ಇಲ್ಲ," ಎಂದಿತು.

ಹೊರಗೆ ಬೂಟು ಒಂದು ಸಲ ಕಿರುಗುಟ್ಟಿತು.

"ನಾಲ್ಕನೇ ಸಲ ಅಂತ ಬರ್ಕೊಳ್ಲಾ ಅಜ್ಜಿ?"

ಅವಳು ಚಿಲಕದ ಮೇಲೆ ಕೈಯಿಟ್ಟಳು. ಅಂಗೈ ಒದ್ದೆಯಾಗಿ ಚಿಲಕ ಜಾರಿತು. ಮತ್ತೆ ಹಿಡಿದು ಎಳೆದಳು. ಬಾಗಿಲು ತೆರೆಯಿತು, ಎದುರಿಗೆ ಫೋನು ಹಿಡಿದ ಕೈ, ಕಣ್ಣಿಗೆ ಹೊಡೆದಂತೆ ಬೆಳಕು.

"ಫೋಟೊ ಆಯ್ತು. ಇಲ್ಲಿ ಸಹಿ." ಅವನು ಕಾಗದ ಅವಳ ಕೈಗಿಟ್ಟ. ಅವಳು ಗೋಡೆಗೆ ಒತ್ತಿ ಸಹಿ ಹಾಕಿದಳು. ಸಹಿ ಯಾರದೋ ತರ ಬಂತು. ಅವನು ಒತ್ತಬೇಕಾದ್ದನ್ನೆಲ್ಲ ಒತ್ತಿ ಕಳಿಸಿದ. ಇಬ್ಬರೂ ಹೊಸ್ತಿಲ ಮೇಲೆ ಆ ಪುಟ್ಟ ಪರದೆ ನೋಡುತ್ತ ನಿಂತರು. ಅವಳು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಲೇ ಇದ್ದಳು. ನಾಲ್ಕೂ ಐವತ್ತಾರಕ್ಕೆ ಉತ್ತರ ಬಂತು: ನೂರಾ ಆರು, ನವೀಕರಿಸಲಾಗಿದೆ. ಕೆಳಗೆ ಹೊಸ ಚೀಟಿಯ ಪ್ರತಿ.

ಅವಳು ಹೊಸ್ತಿಲಲ್ಲೇ ಕೂತಳು. ಆಮೇಲೆ ಚೀಟಿ ನೋಡಿದಳು.

"ಈ ಫೋಟೊನೇ ಹಾಕಿದಾರಾ?"

"ಬಾಗಿಲಲ್ಲಿ ತೆಗೆದದ್ದೇ ಹಾಕ್ಬೇಕು ಅಂತ ನಿಯಮ. ಒಬ್ಬರ ಕಾರ್ಡ್ ಇನ್ನೊಬ್ಬರು ಹಾಕ್ಕೊಂಡು ತಿರುಗ್ತಾರಲ್ಲ, ಅದಕ್ಕೆ."

ಫೋಟೊದಲ್ಲಿ ಬಾಯಿ ಅರ್ಧ ತೆರೆದಿತ್ತು. ಒಂದು ಕೈ ಇನ್ನೂ ಚಿಲಕದ ಮೇಲೆ. ಕಣ್ಣು ಕ್ಯಾಮೆರಾ ಕಡೆ ಇಲ್ಲ, ಅವನ ಚೀಲದ ಕಡೆ. ಅದರಿಂದ ಏನು ಹೊರಬರುತ್ತದೆ ಎಂದು ಮೊದಲೇ ಗೊತ್ತಾದವಳ ಹಾಗೆ, ಗೊತ್ತಾಗಿಯೂ ಬಾಗಿಲು ಹಾಕಲಾಗದವಳ ಹಾಗೆ.

"ಇನ್ನೊಂದು ತೆಗೀರಿ ಅಣ್ಣ."

"ಐದು ವರ್ಷ ಬಿಟ್ಟು ಬರ್ತೀನಿ."

ಅವಳು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದಳು, ಕುಗ್ಗಿಸಿದಳು, ಮತ್ತೆ ಹಿಗ್ಗಿಸಿದಳು. ನಾಳೆ ಒಂಬತ್ತಕ್ಕೆ ಒಬ್ಬ ಹಲ್ಲಿನ ಡಾಕ್ಟರಿಗೆ ನೋಟಿಸು ಮುಟ್ಟಿಸಬೇಕಿತ್ತು.

"ನಾನು ಬಾಗಿಲು ತಟ್ಟಿದಾಗ, ತೆಗೆಯೋರು ಹೀಗಿರ್ತಾರಾ?"

ಬೂಟು ಚೀಲದ ಬಾಯಿ ಕಟ್ಟುತ್ತಿದ್ದ. "ಹೀಗೇ ಇರ್ತಾರೆ. ನೀನೆಲ್ಲಿ ನೋಡಿರ್ತೀಯ. ನಾವು ನೋಡೋದು ಅವರ ಕೈ."