ಇಸ್ತ್ರಿಯಮ್ಮ ತೊಳೆದ ಅಂಗಿ

ಫ್ರೇಮಿನಣ್ಣ ಗಾಜಿನ ಮೇಲೆ ಗೆರೆ ಎಳೆದು, ಮೇಜಿನ ಅಂಚಿಗಿಟ್ಟು ಮೆಲ್ಲಗೆ ಒತ್ತಿದ. ಅಳತೆಗೆ ಸರಿಯಾಗಿ ತುಂಡಾಯಿತು. ಸತ್ತ ಇಸ್ತ್ರಿಯಮ್ಮನ ಫೋಟೋಗೆ ಕಟ್ಟು ಹಾಕಿಕೊಡಲು ಕಾಸು ಬೇಡವೆಂದು ಮೊದಲೇ ಹೇಳಿದ್ದ. ತಾನು ಕೊಂದವರ ಫೋಟೋಗೆ ಅವನು ಯಾವತ್ತೂ ಕಾಸು ಮುಟ್ಟಿದವನಲ್ಲ. ಓಣಿಯವರು ಅವನನ್ನು ದೇವರಂಥ ಮನುಷ್ಯ ಎನ್ನುತ್ತಿದ್ದರು. ಓಣಿಯವರಿಗೆ ಮನುಷ್ಯರ ಬಗ್ಗೆ ಅಷ್ಟೇ ಗೊತ್ತು.

ಇವತ್ತು ಮಾತ್ರ ಅವನ ಮನಸ್ಸು ಕೆಲಸದಲ್ಲಿರಲಿಲ್ಲ. ಹೋದ ತಿಂಗಳು ಗೋದಾಮಿನ ಕಾವಲುಗಾರನ ಕತ್ತು ಕೊಯ್ದಾಗ ತೊಟ್ಟಿದ್ದ ಬಿಳಿ ಅಂಗಿ ಇಸ್ತ್ರಿಯಮ್ಮನ ಮನೆಯಲ್ಲಿತ್ತು. ಪೊಲೀಸರ ಕಣ್ಣಿಗೆ ಬೀಳುವ ಮೊದಲು ಅದು ಅವನ ಕೈ ಸೇರಬೇಕಿತ್ತು.

*

ಅಂಗಿಯನ್ನು ಸುಟ್ಟುಬಿಟ್ಟಿದ್ದರೆ ತಾಪತ್ರಯವೇ ಇರುತ್ತಿರಲಿಲ್ಲ. ಒಳ್ಳೆಯ ಬಟ್ಟೆ, ಮನಸ್ಸು ಬರಲಿಲ್ಲ. ಕೊಲೆಗಾರನಾದರೂ ಜಿಪುಣ ಜಿಪುಣನೇ. ಬಿಸಿನೀರಿನಲ್ಲಿ ನೆನೆಸಿದ, ಕಲೆ ಹೋಗುವ ಬದಲು ಕಚ್ಚಿಕೊಂಡು ಕೂತಿತು. ಕೊನೆಗೆ ಇಸ್ತ್ರಿಯಮ್ಮನಿಗೆ ಕೊಟ್ಟು, ಮೂಗಿನಿಂದ ರಕ್ತ ಬಂತು ಎಂದ.

ಮೊನ್ನೆ ಸಂಜೆ ಅಂಗಿ ಕೇಳಲು ಹೋದಾಗ ಅವಳೊಬ್ಬಳೇ ನಿಂತು ಇಸ್ತ್ರಿ ಉಜ್ಜುತ್ತಿದ್ದಳು.

"ರಕ್ತಕ್ಕೆ ಯಾರಾದ್ರೂ ಬಿಸಿನೀರು ಹಾಕ್ತಾರೇನಪ್ಪಾ? ಅಷ್ಟೂ ಗೊತ್ತಿಲ್ವಲ್ಲ ನಿಂಗೆ" ಎಂದು ನಕ್ಕಳು. ಆಮೇಲೆ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ದನಿ ತಗ್ಗಿಸಿದಳು. "ಮೂಗಿನ ರಕ್ತ ತೋಳಿನ ಹಿಂದಕ್ಕೆ ಹೇಗೆ ಹೋಯ್ತು? ನನ್ನ ಹತ್ರ ಯಾಕೆ ಮುಚ್ಚಿಡ್ತೀಯ. ನಂಗೆಲ್ಲ ಗೊತ್ತು."

ಮುಂದಿನ ಮಾತು ಆಡಲು ಅವನು ಬಿಡಲಿಲ್ಲ. ಆಮೇಲೆ ಮನೆಯೆಲ್ಲ ಜಾಲಾಡಿದ. ಮಡಿಸಿಟ್ಟ ಬಿಳಿ ಅಂಗಿಗಳು ರಾಶಿ ರಾಶಿ ಇದ್ದವು. ಕಲೆಯಿದ್ದದ್ದು ಒಂದೂ ಇರಲಿಲ್ಲ. ಬಾಗಿಲ ಹತ್ತಿರ ಯಾರದೋ ಕೆಮ್ಮು ಕೇಳಿ ಹಿತ್ತಲಿಂದ ಜಾರಿಕೊಂಡ.

*

ಸತ್ತವಳ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಮಂಚ, ಕುರ್ಚಿ, ಕಿಟಕಿ, ಎಲ್ಲೆಲ್ಲೂ ಊರವರ ಬಟ್ಟೆ. ಯಾವುದು ಯಾರದೆಂದು ಅವಳು ಕಾಲರಿನೊಳಗೆ ಕೆಂಪು ದಾರದಲ್ಲಿ ಗಂಟು ಹಾಕುತ್ತಿದ್ದಳು. ಆ ಗಂಟಿನ ಲೆಕ್ಕ ಅವಳಿಗೊಬ್ಬಳಿಗೇ ಗೊತ್ತಿತ್ತು. ಹಾಗಾಗಿ ಸಾವಿಗೆ ಬಂದವರು ಅಳುತ್ತಲೇ ತಮ್ಮ ತಮ್ಮ ಬಟ್ಟೆ ಹುಡುಕಿಕೊಳ್ಳುತ್ತಿದ್ದರು. ಪೇದೆಯೊಬ್ಬ ಬಾಗಿಲಿಗೊರಗಿ ನೋಡುತ್ತಿದ್ದ.

ಫ್ರೇಮಿನಣ್ಣ ಫೋಟೋ ಇಟ್ಟ. ಪಕ್ಕದ ಮನೆಯ ಮೇಷ್ಟ್ರು ಬಗ್ಗಿ ನೋಡಿದರು.

"ಈ ರೇಷ್ಮೆ ಶಾಲು ನಮ್ಮನೆಯವಳದ್ದು."

"ಹೌದು ಮೇಷ್ಟ್ರೇ" ಎಂದಳು ಇಸ್ತ್ರಿಯಮ್ಮನ ಸೊಸೆ. "ಫೋಟೋಗೆ ಅಂತ ಒಂದಿನ ಹೊದ್ಕೊಂಡಿದ್ರು. ಮತ್ತೆ ಒಗೆದೇ ಕೊಟ್ಟಿದಾರೆ. ಓಣಿಯ ಬೀರುಗಳೆಲ್ಲ ನಂದೇ ಅಂತಿದ್ರು ನಮ್ಮತ್ತೆ."

ಮೇಷ್ಟ್ರು ನಗಲು ಹೋಗಿ ಕಣ್ಣೊರೆಸಿಕೊಂಡರು.

"ಕೊನೆಗೆ ಏನಾದ್ರೂ ಹೇಳಿದ್ರಾ?" ಫ್ರೇಮಿನಣ್ಣ ಬಟ್ಟೆ ರಾಶಿಯ ಮೇಲೆ ಕಣ್ಣಿಟ್ಟೇ ಕೇಳಿದ.

"ಮೊನ್ನೆ ಮಧ್ಯಾಹ್ನ ಯಾರದ್ದೋ ಅಂಗಿ ಹಿಡ್ಕೊಂಡು ಅಳ್ತಾ ಕೂತಿದ್ರು. ರಕ್ತ ಆಗಿತ್ತಂತೆ. ಇವನನ್ನ ಯಾರೋ ಹೊಡೀತಿದಾರೆ, ನಾಚಿಕೆಗೆ ಹೇಳ್ಕೊಳ್ತಿಲ್ಲ, ಪಾಪ ಒಂಟಿ ಜೀವ, ನಮ್ಮನೆಗೇ ಬಂದು ಇದ್ದುಬಿಡು ಅಂತ ಕರೀತೀನಿ ಅಂದ್ರು."

ಪೇದೆ ನೆಟ್ಟಗೆ ನಿಂತ. "ಯಾರ ಅಂಗಿ ಅದು?"

"ಹೇಳ್ಲಿಲ್ಲ ಸಾರ್. ಗಿರಾಕಿ ಮಾನ ಮನೆಯವರ ಮುಂದೂ ತೆಗೀಬಾರ್ದು ಅಂತಿದ್ರು."

"ಎಲ್ಲಿದೆ?"

"ಇದರಲ್ಲೇ ಎಲ್ಲೋ ಇರಬೇಕು. ಈಗ ಹೇಗೆ ಗೊತ್ತಾಗುತ್ತೆ? ಅತ್ತೆ ಕೈಗೆ ಸಿಕ್ಕ ಕಲೆ ಉಳಿದಿದ್ದುಂಟಾ? ಅವತ್ತೇ ತೆಗೆದು ಇಸ್ತ್ರಿ ಹಾಕಿಟ್ಟಿದ್ರು."

ಪೇದೆ ರಾಶಿಯನ್ನೊಮ್ಮೆ ನೋಡಿ ನಿಟ್ಟುಸಿರಿಟ್ಟ. ಫ್ರೇಮಿನಣ್ಣ ಬಚಾವಾದ. ಬಚಾವಾಗಿದ್ದು ಈಗಲ್ಲ, ಅವಳ ಕತ್ತಿಗೆ ಕೈ ಹಾಕುವ ಮೊದಲೇ. ನಂಗೆಲ್ಲ ಗೊತ್ತು ಎಂದವಳಿಗೆ ಗೊತ್ತಿದ್ದದ್ದು ಅಷ್ಟೇ. ಅವನನ್ನು ಮನೆಗೆ ಬಂದಿರು ಎಂದು ಈವರೆಗೆ ಯಾರೂ ಕರೆದಿರಲಿಲ್ಲ. ಕಾವಲುಗಾರನನ್ನು ಕೊಂದ ದಿನ ಹೊಟ್ಟೆ ತುಂಬ ಉಂಡು ಮಲಗಿದ್ದವನು ಈಗ ನೆಟ್ಟಗಿದ್ದ ಫೋಟೋವನ್ನೇ ಮತ್ತೆ ಮತ್ತೆ ನೆಟ್ಟಗೆ ಮಾಡಿದ.

ಒಳಗಿನಿಂದ ಇಸ್ತ್ರಿಯಮ್ಮನ ಮಗ ಬಂದ. ಬಿಳಿ ಅಂಗಿ ತೊಟ್ಟಿದ್ದ, ಭುಜದ ಹತ್ತಿರ ಸ್ವಲ್ಪ ಬಿಗಿ.

"ಇದೊಂದನ್ನ ಯಾರೂ ಕೇಳ್ಲಿಲ್ಲ. ನನ್ನ ಹತ್ರ ಬಿಳೀದು ಇಲ್ಲ. ನಾಳೆ ಒಗೆದಿಡ್ತೀನಿ, ಯಾರದ್ದೋ ಅವರು ಬಂದು ತಗೊಳ್ಳಲಿ" ಎಂದು ಎಲ್ಲರ ಕ್ಷಮೆ ಕೇಳುವವನಂತೆ ಹೇಳಿದ.

ಯಾರೂ ಕೇಳದೆ ಉಳಿದದ್ದೆಂದರೆ ತನ್ನದೇ. ಫ್ರೇಮಿನಣ್ಣ ಬಾಯಿ ತೆರೆದ. ನನ್ನದು ಎಂದರೆ ಮುಗಿಯಿತು. ಪೇದೆ ಅವನ ಕಡೆ ನೋಡಿದ. ಅವನು ಬಾಯಿ ಮುಚ್ಚಿದ.

"ಅಣ್ಣಾ, ನೀವು ಮುಂದೆ ನನ್ನ ಪಕ್ಕಕ್ಕೆ ಬನ್ನಿ" ಎಂದ ಮಗ. "ಅಮ್ಮನಿಗೆ ನೀವಂದ್ರೆ ಪ್ರೀತಿ."

ಇಬ್ಬರೂ ಬಗ್ಗಿ ಚಟ್ಟಕ್ಕೆ ಹೆಗಲು ಕೊಟ್ಟರು. ಅಕ್ಕಪಕ್ಕ ಹೊರುವವರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಭಾರ ಜಾರುತ್ತದೆ. ಮಗ ಕೈ ಹಾಕಿದ. ಗಂಜಿ ಹಾಕಿ ಉಜ್ಜಿದ ತೋಳಿನ ಗೆರೆ ಫ್ರೇಮಿನಣ್ಣನ ಕತ್ತಿಗೆ ತಾಗಿತು. ಸೋಪಿನ ವಾಸನೆ ಇನ್ನೂ ಹೋಗಿರಲಿಲ್ಲ. ಒಂದೊಂದು ಹೆಜ್ಜೆಗೂ ಆ ಗೆರೆ ಕತ್ತಿನ ಮೇಲೆ ಅತ್ತಿತ್ತ ಉಜ್ಜತೊಡಗಿತು.

"ಭಾರ ಆಯ್ತಾ ಅಣ್ಣಾ?" ಎಂದು ಕೇಳಿ, ಮಗ ತೋಳನ್ನು ಇನ್ನಷ್ಟು ಬಿಗಿ ಮಾಡಿದ.