ಜೋರಿಲ್ಲದ ಪ್ಯಾದೆ

ಗದ್ವಾಲದ ಕಲ್ಯಾಣಮಂಟಪದಲ್ಲಿ ಹೆಂಗಸರ ಚದುರಂಗದ ಕೊನೆಯ ಸುತ್ತು. ಗೆದ್ದವಳು ಹೈದರಾಬಾದಿಗೆ, ರಾಜ್ಯದ ತಂಡಕ್ಕೆ. ಸೋತರೆ ಆಟವನ್ನೇ ಬಿಡಬೇಕೆಂದು ರಜಿತಾಳಿಗೆ ಅಣ್ಣ ಬೀರಯ್ಯ ಹೇಳಿಬಿಟ್ಟಿದ್ದ. ಕೆಟ್ಟ ಮನಸ್ಸಿನಿಂದಲ್ಲ. ಗಂಡನ ಮನೆ ಬಿಟ್ಟು ಬಂದವಳು ಒಬ್ಬಳೇ ಊರು ದಾಟಬಾರದೆಂಬುದು ದಾಮರಗಿದ್ದದ ಅವರ ಕೇರಿಯ ಕಟ್ಟಳೆ. ಒಂಬತ್ತು ವರ್ಷದಿಂದ ಅವಳು ನಾರಾಯಣಪೇಟೆಯಲ್ಲಿ ಆಡಲಿ, ಮಕ್ತಲದಲ್ಲಿ ಆಡಲಿ, ಅವನು ಕುರಿಗಳನ್ನು ಯಾರಿಗೋ ಒಪ್ಪಿಸಿ ಬಂದು ಬಾಗಿಲ ಬಳಿ ಕೂರುತ್ತಿದ್ದ. ಹೋದ ಸಲ ತೋಳ ಎರಡು ಮರಿ ಹೊತ್ತೊಯ್ದಿತ್ತು.

ಎದುರಿಗೆ ಅಂಬಾಬಾಯಿ, ಅರ್ಚಕರ ಮನೆಯವರು, ನಿವೃತ್ತ ಗಣಿತದ ಟೀಚರು. ಹನ್ನೆರಡನೆಯ ನಡೆಗೆ ರಜಿತಾಳ ನಡುವಿನ ಪ್ಯಾದೆ ಒಂಟಿಯಾಯಿತು. ಎಡಬಲದ ಸಾಲುಗಳಲ್ಲಿ ಅದಕ್ಕೆ ಜೊತೆಯ ಪ್ಯಾದೆ ಒಂದೂ ಉಳಿದಿರಲಿಲ್ಲ.

“ಪಾಪ, ಒಬ್ಬಂಟಿ ಕೂಸು. ಎಷ್ಟೊತ್ತು ಇದನ್ನ ಕಾಯ್ತೀಯವಾ?” ಅಂಬಾಬಾಯಿ ಮೆಲ್ಲಗೆ ಅಂದರು.

ಅಪ್ಪ ಕುರುಮಯ್ಯ ಕುರಿಹಟ್ಟಿಯಲ್ಲಿ ಕಂಬಳಿಯ ಮೇಲೆ ಸುಣ್ಣದ ಗೆರೆ ಎಳೆದು ಕಲಿಸಿದ ಆಟಕ್ಕೆ ಬೇರೆ ನಿಯಮವಿತ್ತು. ಒಂದು ಕಾಯಿಯ ಹಿಂದೆ ಇನ್ನೊಂದರ ಕಾವಲಿದ್ದರೆ ಅದಕ್ಕೆ ‘ಜೋರು’ ಐತಿ ಅನ್ನುತ್ತಿದ್ದ. ಜೋರಿದ್ದದ್ದನ್ನು ಯಾರೂ ಹೊಡೆಯುವಂತಿಲ್ಲ. ಪುಸ್ತಕದ ಆಟದಲ್ಲಿ ಹಾಗಿಲ್ಲವೆಂದು ಗೊತ್ತಿದ್ದೂ ಅವಳ ಕೈ ಹಳೆಯದನ್ನೇ ಮಾಡುತ್ತಿತ್ತು. ಆನೆ, ಕುದುರೆ, ಮಂತ್ರಿ ಎಲ್ಲವನ್ನೂ ತಂದು ಒಂದು ಪ್ಯಾದೆಯ ಹಿಂದೆ ನಿಲ್ಲಿಸುವುದು. ಕಾಯುತ್ತ ಕಾಯುತ್ತಲೇ ಸೋಲುವುದು.

ಈಗಲೂ ಕೈ ಆನೆಯ ಕಡೆಗೆ ಹೋಯಿತು. ಅಲ್ಲೇ ನಿಂತಿತು. ಬಾಗಿಲಾಚೆ ಬೀರಯ್ಯ ಫೋನಿನಲ್ಲಿ ಕುರಿಗಳ ಸುದ್ದಿ ಕೇಳುತ್ತಿದ್ದ. ಅವಳು ತಲೆ ತಗ್ಗಿಸಿ ಹಲಗೆಯನ್ನು ನೋಡಿದಳು. ಆನೆಯನ್ನು ಇದ್ದಲ್ಲೇ ಬಿಟ್ಟು ಕುದುರೆಯನ್ನು ಮುಂದಕ್ಕೆ ಹಾರಿಸಿದಳು. ಮೂರು ನಡೆ ಕಳೆದ ಮೇಲೆ, ಎದುರಾಳಿ ಕಾಯುತ್ತಿದ್ದ ಮನೆಗೇ ಆ ಪ್ಯಾದೆಯನ್ನು ದೂಡಿದಳು.

ಅಂಬಾಬಾಯಿಯವರ ಪ್ಯಾದೆ ಅದನ್ನು ಹೊಡೆಯಿತು. ಹೊಡೆಯಲು ಓರೆಗೆ ಸರಿದಾಗ ಅದು ಮುಚ್ಚಿದ್ದ ದಾರಿ ಬಯಲಾಯಿತು. ಅಡ್ಡವಿದ್ದ ಅವಳದೇ ಕುದುರೆಯೂ ರಾಜನ ಮುಂದಿನ ಪ್ಯಾದೆಯನ್ನು ಹೊಡೆದು ಪಕ್ಕಕ್ಕಿಳಿಯಿತು. ಅವಳ ಆನೆಗೆ ಎದುರಿನ ಪಾಳೆಯದವರೆಗೂ ದಾರಿ ಸಿಕ್ಕಿತು. ಅಂಬಾಬಾಯಿ ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನು ಆರು ನಡೆ ಆಡಿ, ಸೋಲೊಪ್ಪಿ ಕೈ ಚಾಚಿದರು.

“ಪ್ಯಾದೆ ಹೋತಲ್ಲ, ಸೋತಿ ಅನ್ಕೊಂಡಿದ್ದೆ,” ಎಂದ ಬೀರಯ್ಯ, ಹೊರಗೆ.

“ಬೇಕಂತ ಬಿಟ್ಟೆ, ಅಣ್ಣ.”

ಹೈದರಾಬಾದಿನಲ್ಲಿ ಎಷ್ಟು ದಿನ, ಅಷ್ಟು ದಿನ ಕುರಿಗಳನ್ನು ಯಾರಿಗೆ ಒಪ್ಪಿಸುವುದು ಎಂದು ಅವನು ಆಗಲೇ ಲೆಕ್ಕ ಹಾಕತೊಡಗಿದ್ದ. ಬಸ್‌ಸ್ಟ್ಯಾಂಡಿನ ಹತ್ತಿರ ಅವಳು ನಿಂತು ಅವನ ಕಡೆ ತಿರುಗಿದಳು.

“ನೀ ಬರಬ್ಯಾಡ. ನಾ ಒಬ್ಬಾಕಿನೇ ಹೋಗ್ತೀನಿ.”

“ಮಂದಿ ಏನಂತಾರ?”

“ಅಂತಾರ.”

ಅವನ ಮುಖ ಸಣ್ಣದಾಯಿತು. ಇಷ್ಟು ವರ್ಷ ತಾನು ಕಾದದ್ದು ಅವಳಿಗೆ ಭಾರವಾಗಿತ್ತೇ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೌದೆನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕಪಕ್ಕದಲ್ಲೇ ಕೂತರು. ಜೂರಾಲ ಅಣೆಕಟ್ಟು ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತಲೇ, ಹೈದರಾಬಾದಿಗೆ ನಿನ್ನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ.